ಬೆಳೆ ಮಾರುವವನಿಗೊಬ್ಬ ಸಲಹೆಗಾರ



ನಾನು ಸುದ್ದಗುಂಟೆಪಾಳ್ಯದಲ್ಲಿ ಬಹುಕಾಲದಿಂದ ವಾಸವಾಗಿರುವವನು. ಬೆಳಿಗ್ಗೆ ಕಾಫಿ ಕುಡಿದು ಬಾಗಿಲಿಗೆ ಬಂದರೆ ತರಕಾರಿಯ ಗಾಡಿ ಕಾಣುತ್ತದೆ. ಟೊಮೆಟೊ, ಹುರುಳಿಕಾಯಿ, ಕೊತ್ತಂಬರಿಯ ಕಂತೆ. ನಮ್ಮ ಬೀದಿಯ ಗೃಹಿಣಿಯರು ಗಾಡಿಯವನೊಡನೆ ಎರಡು ರೂಪಾಯಿಗಾಗಿ ಚೌಕಾಸಿ ಮಾಡುವುದನ್ನೂ, ಕೊನೆಗೆ ಒಂದು ಹಿಡಿ ಕರಿಬೇವನ್ನು ಕೊಸರಾಗಿ ಪಡೆದು ಸಮಾಧಾನಪಡುವುದನ್ನೂ ನಾನು ದಿನವೂ ನೋಡುತ್ತೇನೆ. ನಿಮ್ಮ ಮನೆಯ ಮುಂದೆಯೂ ಇದೇ ನೋಟವಿರಬಹುದು. ಚೌಕಾಸಿ ತಪ್ಪೇನೂ ಅಲ್ಲ. ಆದರೆ ಆ ಟೊಮೆಟೊ ಬೆಳೆದವನು ಅದನ್ನು ಮಾರುವಾಗ ಅವನ ಪರವಾಗಿ ಚೌಕಾಸಿ ಮಾಡಿದವರು ಯಾರು? ಈ ಪ್ರಶ್ನೆಯನ್ನು ನಿಮ್ಮ ಮುಂದಿಡುವುದಕ್ಕಾಗಿ ಇಂದು ಬಂದಿದ್ದೇನೆ.

ನಮ್ಮ ಬಡಾವಣೆಯ ಹೆಸರನ್ನೇ ನೋಡಿ. ಗುಂಟೆ ಎಂಬ ಮಾತು ಕಿವಿಗೆ ಬಿದ್ದೊಡನೆ ಒಕ್ಕಲಿನವನಿಗೆ ನೆನಪಾಗುವುದು ನೆಲದ ಅಳತೆ. ನಲವತ್ತು ಗುಂಟೆಗೆ ಒಂದು ಎಕರೆ. ಪಕ್ಕದ ಊರು ತಾವರೆಕೆರೆ. ಆ ಹೆಸರಿನಲ್ಲಿ ಕೆರೆಯೂ ಇದೆ, ತಾವರೆಯೂ ಇದೆ. ನೆಲ ಮನೆಗಳಾಯಿತು, ಹೆಸರು ಮಾತ್ರ ಉಳಿದುಕೊಂಡಿತು. ಇನ್ನೊಂದು ಹೆಸರೂ ನಮ್ಮ ಪಕ್ಕದಲ್ಲಿಯೇ ಇದೆ. ಡೇರಿ ವೃತ್ತದ ಬಳಿ ಹಾದುಹೋಗುವ ದೊಡ್ಡ ರಸ್ತೆಗೆ ಡಾ. ಎಂ. ಹೆಚ್. ಮರಿಗೌಡ ರಸ್ತೆ ಎಂದು ಹೆಸರು. ಬಸ್ಸಿನಲ್ಲಿ ಕುಳಿತು ಆ ಫಲಕವನ್ನು ಓದುವವರು ಸಾವಿರ ಮಂದಿ. ಆತ ಯಾರೆಂದು ಕೇಳುವವರು ಎಷ್ಟು ಮಂದಿ?

ಮರಿಗೌಡರು ಹುಟ್ಟಿದ್ದು 1916ರಲ್ಲಿ, ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಒಕ್ಕಲಿನ ಮನೆಯಲ್ಲಿ. ಸಸ್ಯಶಾಸ್ತ್ರ ಓದಿ ಲಾಲ್‌ಬಾಗಿನ ಸೇವೆಗೆ ಸೇರಿದರು. ಇಂಗ್ಲೆಂಡಿನ ಕ್ಯೂ ತೋಟದಲ್ಲಿ ತರಬೇತಿ ಪಡೆದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು ಹಿಂದಿರುಗಿದರು. ಅಷ್ಟು ಓದಿದವರು ಗಾಜಿನ ಮನೆಯ ಹೂವುಗಳ ನಡುವೆ ನೆಮ್ಮದಿಯಾಗಿ ಇರಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಮಳೆ ಕಡಮೆಯಾದ ಬಯಲುಸೀಮೆಯ ರೈತನಿಗೆ ಮಾವು, ಸಪೋಟ, ದ್ರಾಕ್ಷಿಗಳನ್ನು ಬೆಳೆಯುವ ದಾರಿಯನ್ನು ತೋರಿಸಲು ಹೊರಟರು. ರಾಜ್ಯದಲ್ಲಿ ತೋಟಗಾರಿಕೆಗೇ ಒಂದು ಇಲಾಖೆ ಬೆಳೆದುನಿಂತದ್ದು ಅವರ ಕಾಲದಲ್ಲಿ. 1992ರಲ್ಲಿ ಅವರು ತೀರಿಕೊಂಡರು.

ಆದರೆ ಅವರ ಹೆಸರನ್ನು ಇಂದು ಎತ್ತಿದ್ದು ಬೆಳೆಸಿದ್ದಕ್ಕಾಗಿ ಅಲ್ಲ, ಮಾರುವ ದಾರಿಯನ್ನೂ ಯೋಚಿಸಿದ್ದಕ್ಕಾಗಿ. ಬೆಳೆಯುವುದು ಒಂದು ವಿದ್ಯೆ, ಮಾರುವುದು ಇನ್ನೊಂದು. ಮೊದಲನೆಯದನ್ನು ತಂದೆಯಿಂದ ಮಗ ಕಲಿಯುತ್ತಾನೆ. ಎರಡನೆಯದನ್ನು ಕಲಿಸುವವರು ಹಳ್ಳಿಯಲ್ಲಿ ಯಾರೂ ಇರಲಿಲ್ಲ.

ನನ್ನ ತಂದೆಯವರ ಒಂದು ನೆನಪನ್ನು ಹೇಳುತ್ತೇನೆ. ನಮ್ಮದು ಮಾಲೂರು ಕಡೆಯ ಒಂದು ಹಳ್ಳಿ. ಒಂದು ಬಾರಿ ಹುಣಸೆಹಣ್ಣು ಮಾರಲು ಅಪ್ಪನ ಜೊತೆಗೆ ನಾನೂ ಪೇಟೆಗೆ ಹೋಗಿದ್ದೆ. ಮಂಡಿಯಲ್ಲಿ ದಳ್ಳಾಳಿಯೂ ಕೊಳ್ಳುವವನೂ ಎದುರೆದುರು ನಿಂತರು. ಇಬ್ಬರ ಕೈಗಳ ಮೇಲೆ ಒಂದು ಟವಲು. ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತನಾಡಿಕೊಂಡರು. ತುಟಿ ಅಲುಗಲಿಲ್ಲ. ಹುಣಸೆಯನ್ನು ಮರದಿಂದ ಬಡಿದು, ಬೀಜ ಬಿಡಿಸಿ, ಒಣಗಿಸಿ, ಹೊತ್ತುತಂದ ಅಪ್ಪ ಎರಡು ಮಾರು ದೂರದಲ್ಲಿ ನಿಂತು ಆ ಟವಲನ್ನೇ ನೋಡುತ್ತಿದ್ದರು. ಕೊನೆಗೆ ಕೈಗೆ ಒಂದು ಚೀಟಿ ಬಂತು. ತೂಕದಲ್ಲಿ ಇಷ್ಟು ಕಳೆ, ಗೋಣಿಗೆ ಇಷ್ಟು ಕಳೆ, ಹಮಾಲಿಗೆ ಇಷ್ಟು, ಧರ್ಮಕ್ಕೆ ಇಷ್ಟು. ದಾರಿಯಲ್ಲಿ ನಾನು, "ಅಪ್ಪಾ, ಅವರು ಏನು ಮಾತಾಡಿಕೊಂಡರು?" ಎಂದು ಕೇಳಿದೆ. "ನನಗೆ ಗೊತ್ತಿದ್ದರೆ ನಾನೇ ಅಲ್ಲಿ ಕೈಯಿಡುತ್ತಿದ್ದೆನಲ್ಲಪ್ಪ" ಎಂದರು.

ಇಂತಹ ಗುಟ್ಟಿನ ವ್ಯಾಪಾರವನ್ನು ತಡೆಯಬೇಕೆಂದೇ ನಿಯಂತ್ರಿತ ಮಾರುಕಟ್ಟೆಗಳು ಬಂದವು. ನಮ್ಮ ರಾಜ್ಯದಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆಗಳಿಗೆ 1966ರಲ್ಲಿ ಶಾಸನವಾಯಿತು. ಎಲ್ಲರಿಗೂ ಕೇಳಿಸುವಂತೆ ಹರಾಜು ನಡೆಯಬೇಕು, ತೂಕ ಸರಿಯಾಗಿರಬೇಕು, ಕಳೆಯುವ ಕಳೆತಗಳಿಗೆ ಲೆಕ್ಕವಿರಬೇಕು ಎಂಬುದು ಅದರ ಆಶಯ. ಟವಲು ಸರಿಯಿತು. ಆದರೆ ಟವಲು ಸರಿದ ಮಾತ್ರಕ್ಕೆ ರೈತನಿಗೆ ವ್ಯಾಪಾರ ತಿಳಿದಂತಾಗಲಿಲ್ಲ. ಯಾವ ಪೇಟೆಗೆ, ಯಾವ ದಿನ, ಎಷ್ಟು ಮಾಲು ಒಯ್ಯಬೇಕೆಂದು ಯಾವ ಶಾಸನವೂ ಹೇಳಿಕೊಡುವುದಿಲ್ಲ.

ಈಗ ದ್ರಾಕ್ಷಿಯ ಕಥೆಗೆ ಬರೋಣ. ಬೆಂಗಳೂರಿನ ಸುತ್ತಮುತ್ತ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿ ನಿಮಗೆಲ್ಲ ಪರಿಚಿತ. ಗೊಂಚಲು ಕಪ್ಪಗಿರುತ್ತದೆ, ಸಿಪ್ಪೆ ದಪ್ಪ, ವಾಸನೆ ಸೊಗಸು. ಈ ಹಣ್ಣಿಗೆ ಈಗ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ರಾಗಿಯಾದರೆ ಮನೆಯಲ್ಲಿ ತುಂಬಿಟ್ಟು ಕಾಯಬಹುದು. ದ್ರಾಕ್ಷಿ ಕಾಯುವುದಿಲ್ಲ. ಕೊಯ್ದ ಮೇಲೆ ಅದರ ಆಯುಸ್ಸು ದಿನಗಳ ಲೆಕ್ಕ. ಇದು ಕೊಳ್ಳುವವನಿಗೂ ಗೊತ್ತು. ಹಣ್ಣಿನ ಬುಟ್ಟಿ ಪೇಟೆಗೆ ಬಂದಿಳಿದ ಮೇಲೆ ರೈತ ಅದನ್ನು ಹಿಂದಕ್ಕೆ ಒಯ್ಯಲಾರ. ಆದುದರಿಂದ ಕೊಳ್ಳುವವನು ಹೇಳಿದ್ದೇ ಬೆಲೆ.

1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ತಮ್ಮದೇ ಆದ ಸಹಕಾರ ಮಾರಾಟ ಸಂಘವೊಂದನ್ನು ಕಟ್ಟಿಕೊಂಡರು. ಅದರ ಹಿಂದೆ ಮಾರ್ಗದರ್ಶಕರಾಗಿ ನಿಂತವರು ಮರಿಗೌಡರು. ದ್ರಾಕ್ಷಿಯಿಂದ ತೊಡಗಿದ ಸಂಘ ಮುಂದೆ ಎಲ್ಲ ಹಣ್ಣು ತರಕಾರಿಗಳನ್ನೂ ಒಳಗೊಂಡಿತು. ಹೆಸರೂ ಬದಲಾಯಿತು. ನೀವು ಬಲ್ಲ ಹಾಪ್‌ಕಾಮ್ಸ್ ಅದೇ. ರಸ್ತೆಯ ಮೂಲೆಗಳಲ್ಲಿ ಅದರ ಮಳಿಗೆಗಳನ್ನು ನೋಡಿದ್ದೀರಿ. ಅದು ನಡೆಸುವ ದ್ರಾಕ್ಷಿ, ಮಾವಿನ ಮೇಳಗಳಿಗೂ ಹೋಗಿರುತ್ತೀರಿ. ಬೆಳೆದವನಿಂದ ನೇರವಾಗಿ ಕೊಂಡು, ತಿನ್ನುವವನಿಗೆ ನೇರವಾಗಿ ಮಾರುವುದು ಆ ವ್ಯವಸ್ಥೆಯ ಮೂಲ. ನಡುವೆ ಎಷ್ಟು ಕೈಗಳು ಕಡಮೆಯಾದವೋ ಅಷ್ಟು ಬೆಳೆದವನಿಗೂ ಲಾಭ, ನಿಮಗೂ ಲಾಭ.

ಹಾಗಾದರೆ ಸಂಘವೊಂದಿದ್ದರೆ ಸಾಲದೆ, ಸಲಹೆಗಾರ ಬೇರೆ ಏಕೆ ಎಂದು ನೀವು ಕೇಳಬಹುದು. ಇದಕ್ಕೆ ನನ್ನದೇ ಒಂದು ತಪ್ಪಿನಿಂದ ಉತ್ತರ ಕೊಡುತ್ತೇನೆ.

ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಓದಿ ಹೊಸದಾಗಿ ಹೊರಬಂದಿದ್ದೆ. ರೈತನ ಮಗ, ಮೇಲಾಗಿ ಪದವೀಧರ. ಊರಿಗೆ ಹೋದಾಗ ನನ್ನ ಮಾತಿಗೆ ಬೆಲೆಯಿತ್ತು. ಅಣ್ಣ ಕೇಳಿದ: "ನೀನು ಓದಿದವನು ಕಣಪ್ಪ, ಬಾವಿ ಹೊಲಕ್ಕೆ ಈ ಸಲ ಏನು ಹಾಕಲಿ?" ಹಿಂದಿನ ವರ್ಷ ಟೊಮೆಟೊಗೆ ಒಳ್ಳೆಯ ಬೆಲೆ ಬಂದಿತ್ತು. ನಾನು ಹಿಂದುಮುಂದು ನೋಡದೆ, "ಟೊಮೆಟೊ ಹಾಕಣ್ಣ" ಎಂದೆ. ಅಣ್ಣ ಸಾಲ ಮಾಡಿ ಎರಡು ಎಕರೆಗೆ ನಾಟಿ ಮಾಡಿದ. ಕಡ್ಡಿ ನೆಟ್ಟು, ಹುರಿ ಕಟ್ಟಿ, ಔಷಧಿ ಹೊಡೆದು ಮಗುವಿನಂತೆ ಸಾಕಿದ. ಕಾಯಿ ಬಂತು. ಗಿಡ ಬಾಗುವಷ್ಟು ಬಂತು. ಆದರೆ ಹಿಂದಿನ ವರ್ಷದ ಬೆಲೆಯನ್ನು ನೋಡಿದವನು ನಾನೊಬ್ಬನೇ ಆಗಿರಲಿಲ್ಲ. ಸುತ್ತಲ ಹತ್ತು ಊರಿನವರೂ ನೋಡಿದ್ದರು. ಎಲ್ಲರ ಕಾಯಿಯೂ ಒಂದೇ ವಾರದಲ್ಲಿ ಪೇಟೆಗೆ ಬಂದವು. ಕೀಳುವ ಕೂಲಿಯೂ ಹುಟ್ಟಲಿಲ್ಲ. ಅಣ್ಣ ಮೂರನೆಯ ಬಿಡಿಯನ್ನು ಕೀಳದೆ ಹೊಲಕ್ಕೆ ದನ ಬಿಟ್ಟ.

ಅವನು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಸಾಲ ತೀರಲು ಮೂರು ವರ್ಷ ಹಿಡಿಯಿತು. ಆ ಮೂರು ವರ್ಷವೂ ಊರಿಗೆ ಹೋದಾಗ ಅತ್ತಿಗೆ ನನಗೆ ಊಟ ಬಡಿಸುತ್ತಿದ್ದರು, ಮಾತು ಆಡುತ್ತಿರಲಿಲ್ಲ.

ಅಂದು ನಾನು ಕಲಿತದ್ದು ಇದು: ನಿನ್ನೆಯ ಬೆಲೆ ನಾಳೆಯ ಸಲಹೆಯಲ್ಲ. ಹೊಲದಲ್ಲಿ ಹುಟ್ಟಿದ ಮಾತ್ರಕ್ಕೆ ಸಲಹೆ ಹೇಳುವ ಯೋಗ್ಯತೆ ಬರುವುದಿಲ್ಲ, ಕಾಲೇಜಿನಲ್ಲಿ ಓದಿದ ಮಾತ್ರಕ್ಕೂ ಬರುವುದಿಲ್ಲ. ಎರಡೂ ಬೇಕು, ಅದರ ಮೇಲೆ ಪೇಟೆಯ ತಿಳಿವಳಿಕೆಯೂ ಬೇಕು. ಟೊಮೆಟೊವಿನ ಮಾತನ್ನೇ ತೆಗೆದುಕೊಳ್ಳಿ. ಕೋಲಾರದ ಟೊಮೆಟೊ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈ ತಿಂಗಳಿನಲ್ಲಿ ಅಲ್ಲಿ 15 ಕಿಲೋದ ಒಂದು ಪೆಟ್ಟಿಗೆ 2,000 ರೂಪಾಯಿಯನ್ನೂ ದಾಟಿತು. ನೀವೂ ಆಗ ಸಾರಿಗೆ ಹುಣಸೆಯನ್ನೇ ಹಿಂಡಿರಬಹುದು. ಅದೇ ವರ್ಷ ಸೆಪ್ಟೆಂಬರಿನ ಹೊತ್ತಿಗೆ ಬೆಲೆ ಪಾತಾಳಕ್ಕಿಳಿಯಿತು. ಜುಲೈ ತಿಂಗಳಿನ ಬೆಲೆ ನೋಡಿ ನಾಟಿ ಮಾಡಿದವನ ಗತಿಯೇನು? ಸಸಿ ನೆಟ್ಟು ಕಾಯಿ ಕೈಗೆ ಬರಲು ಎರಡು ತಿಂಗಳಿಗಿಂತ ಹೆಚ್ಚು ಬೇಕು. ಪತ್ರಿಕೆಯಲ್ಲಿ ಬೆಲೆ ಓದಿದಾಗ ಆ ಬೆಲೆಯ ಬಸ್ಸು ಹೊರಟುಹೋಗಿರುತ್ತದೆ.

ಒಳ್ಳೆಯ ಸಲಹೆಗಾರ ಇಂತಹ ವೇಳೆಯಲ್ಲಿ ಬೆಲೆ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ನಿಮ್ಮ ಹೋಬಳಿಯಲ್ಲಿ ಈಗ ಎಷ್ಟು ನಾಟಿಯಾಗಿದೆ? ಸಸಿ ಮಾರುವವನ ಬಳಿ ಯಾವ ಸಸಿಗೆ ನೂಕುನುಗ್ಗಲು? ಆಂಧ್ರದ ಮದನಪಲ್ಲಿಯ ಕಾಯಿ ಯಾವಾಗ ಬರುತ್ತದೆ? ನಾಸಿಕದ ಕಡೆಯ ಫಸಲು ಹೇಗಿದೆ? ಎರಡು ಎಕರೆಗೂ ಒಂದೇ ದಿನ ನಾಟಿ ಮಾಡುವ ಬದಲು, ಹದಿನೈದು ದಿನಕ್ಕೊಮ್ಮೆ ಅರ್ಧ ಎಕರೆ ಮಾಡಬಾರದೆ? ಸಲಹೆ ಬೇಕಾದದ್ದು ಬೆಳೆ ಮಾರುವ ದಿನವಲ್ಲ, ಬೀಜ ಕೊಳ್ಳುವ ದಿನ.

ಮಾರುವ ದಿನವೂ ಅವನ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಒಂದು ಚಿಕ್ಕ ಉದಾಹರಣೆ ಹೇಳುತ್ತೇನೆ. ರೈತನ ಬಳಿ 20 ಪೆಟ್ಟಿಗೆ ಮಾಲಿದೆ ಎನ್ನೋಣ. ಹತ್ತಿರದ ಪೇಟೆಯಲ್ಲಿ ಪೆಟ್ಟಿಗೆಗೆ 200 ರೂಪಾಯಿ, ದೂರದ ಪೇಟೆಯಲ್ಲಿ 230. ಯಾರಾದರೂ ದೂರಕ್ಕೇ ಹೋಗು ಎಂದಾರು. ಆದರೆ ಹತ್ತಿರಕ್ಕೆ ಸಾಗಣೆ ಪೆಟ್ಟಿಗೆಗೆ 15 ರೂಪಾಯಿ, ದೂರಕ್ಕೆ 40. ದೂರದ ದಾರಿಯಲ್ಲಿ ಎರಡು ಪೆಟ್ಟಿಗೆಯಷ್ಟು ಹಣ್ಣು ಜಜ್ಜಿಹೋಗುತ್ತದೆ. ಹತ್ತಿರದಲ್ಲಿ ಮಾರಿದರೆ 4,000ದಲ್ಲಿ 300 ಕಳೆದು 3,700 ಕೈಗೆ ಬಂತು. ದೂರದಲ್ಲಿ 18 ಪೆಟ್ಟಿಗೆಗೆ 4,140, ಅದರಲ್ಲಿ 800 ಸಾಗಣೆ ಕಳೆದರೆ 3,340. ಹೆಚ್ಚಿನ ಬೆಲೆಗೆ ಮಾರಿ ಕಡಮೆ ಹಣ ತಂದಂತಾಯಿತು. ಲೆಕ್ಕ ಕಷ್ಟದ್ದಲ್ಲ, ಆದರೆ ಬೆಳಗಿನ ಜಾವ ಲಾರಿಯವನು ಹಾರನ್ ಹೊಡೆಯುತ್ತಿರುವಾಗ ಈ ಲೆಕ್ಕ ಹಾಕಲು ರೈತನಿಗೆ ಪುರುಸೊತ್ತೆಲ್ಲಿ?

ಒಂದೊಂದು ಪದಾರ್ಥಕ್ಕೂ ಒಂದೊಂದು ಸ್ವಭಾವ. ರಾಗಿ, ತೊಗರಿ, ಕೊಬ್ಬರಿಗಳು ತಾಳುತ್ತವೆ. ಸುಗ್ಗಿಯಲ್ಲಿ ಬೆಲೆ ಇಳಿದರೆ ಉಗ್ರಾಣದಲ್ಲಿಟ್ಟು, ಅದರ ಮೇಲೆ ಅಡಮಾನ ಸಾಲ ಪಡೆದು, ಬೆಲೆ ಏರಿದಾಗ ಮಾರಬಹುದು. ಆದರೆ ಬಡ್ಡಿ ಎಷ್ಟು, ಉಗ್ರಾಣದ ಬಾಡಿಗೆ ಎಷ್ಟು, ಎಷ್ಟು ದಿನ ಕಾದರೆ ಕಾದದ್ದೇ ನಷ್ಟವಾದೀತು ಎಂದು ಹೇಳುವವರು ಬೇಕು. ಸೊಪ್ಪು, ಟೊಮೆಟೊ, ಹೂವುಗಳಿಗೆ ಈ ಮಾತೇ ಇಲ್ಲ.

ಇನ್ನು ಬೆಂಗಳೂರು ಗುಲಾಬಿ ಈರುಳ್ಳಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ ಈ ಪುಟ್ಟ ಈರುಳ್ಳಿಯನ್ನು ನಮ್ಮ ಅಡಿಗೆಮನೆಗಳಲ್ಲಿ ಬಳಸುವುದು ಕಡಮೆ. ಅದು ಹೆಚ್ಚಾಗಿ ಹೋಗುವುದು ಮಲೇಶಿಯ, ಸಿಂಗಪುರಗಳಿಗೆ. 2019ರ ಸೆಪ್ಟೆಂಬರಿನಲ್ಲಿ ಊಟದ ಈರುಳ್ಳಿ ತುಟ್ಟಿಯಾಯಿತೆಂದು ಕೇಂದ್ರ ಸರ್ಕಾರ ಎಲ್ಲ ಈರುಳ್ಳಿಯ ರಫ್ತನ್ನೂ ನಿಲ್ಲಿಸಿತು. ಆಗ ಗುಲಾಬಿ ಈರುಳ್ಳಿಯೂ ಸಿಕ್ಕಿಬಿತ್ತು. ಇಲ್ಲಿ ಕೇಳುವವರಿಲ್ಲ, ಅಲ್ಲಿಗೆ ಕಳುಹಿಸುವಂತಿಲ್ಲ. ಬೆಳೆಗಾರರು ಮೊರೆಯಿಟ್ಟ ಮೇಲೆ ಮರುತಿಂಗಳು 9,000 ಟನ್ನಿನ ಮಿತಿಯಲ್ಲಿ ಅನುಮತಿ ದೊರೆಯಿತು. ಮುಂದಿನ ವರ್ಷವೂ ಹೀಗೆಯೇ ನಿಷೇಧ ಬಂದು, ಮತ್ತೆ ಸಡಿಲವಾಯಿತು. ಗುಡಿಬಂಡೆಯ ಒಂದು ಹೊಲದ ಬೆಲೆ ದೆಹಲಿಯ ಒಂದು ಆಜ್ಞೆಯಲ್ಲಿಯೂ, ಕಡಲಾಚೆಯ ಒಂದು ಬಂದರಿನಲ್ಲಿಯೂ ನಿಂತಿದೆ. ಇದನ್ನು ರೈತನಿಗೆ ಅವನ ಮಾತಿನಲ್ಲಿ, ನೆಡುವ ಮುಂಚೆಯೇ ತಿಳಿಸುವವನು ಬೇಡವೆ?

ಕರಾವಳಿಯ ಅಡಕೆ ಬೆಳೆಗಾರರು ಇಂಥದೇ ಸಂಕಟವನ್ನು ಕಂಡವರು. 1970ರ ಸುಮಾರಿಗೆ ಅಡಕೆಯ ಬೆಲೆ ಕುಸಿದಾಗ ಸಣ್ಣ ತೋಟದವರು ಕಂಗಾಲಾದರು. ಆಗ ಮುಂದೆ ಬಂದವರು ವಾರಣಾಶಿ ಸುಬ್ರಾಯ ಭಟ್ಟರು. ಅವರೂ ಕೃಷಿಕರೇ. ಕರ್ನಾಟಕ ಮತ್ತು ಕೇರಳದ ಬೆಳೆಗಾರರನ್ನು ಒಂದುಗೂಡಿಸಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಂಸ್ಥೆಯನ್ನು ಕಟ್ಟಿದರು. ಕಾಸರಗೋಡಿನ ಕನ್ನಡಿಗ ತೋಟಗಾರನೂ ಪುತ್ತೂರಿನವನೂ ಒಂದೇ ಸಂಸ್ಥೆಯ ಸದಸ್ಯರಾದರು. ಅಡಕೆಯ ಜೊತೆಗೆ ಕೋಕೋ ಬೆಳೆಯನ್ನೂ ಅದು ಕೈಗೆತ್ತಿಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ನಿಮ್ಮ ಮಕ್ಕಳು ಅದರ ಚಾಕೊಲೇಟನ್ನು ತಿಂದಿರುತ್ತಾರೆ. ಮರಿಗೌಡರು ಅಧಿಕಾರಿ, ಸುಬ್ರಾಯ ಭಟ್ಟರು ಬೆಳೆಗಾರ. ಇಬ್ಬರ ದಾರಿ ಬೇರೆ. ಆದರೆ ಇಬ್ಬರೂ ಹೊಲ ತೋಟಗಳ ಬದುಕನ್ನು ಒಳಗಿನಿಂದ ಬಲ್ಲವರು, ಮತ್ತು ಒಬ್ಬೊಬ್ಬನೇ ಪೇಟೆಗೆ ಹೋಗುವ ರೈತನನ್ನು ಹತ್ತು ಜನರ ಜೊತೆಗೆ ಕಳುಹಿಸಿದವರು.

ಅಮೆರಿಕದಲ್ಲಿ 1914ರಲ್ಲಿಯೇ ಒಂದು ಶಾಸನ ಮಾಡಿ, ಕೃಷಿ ಕಾಲೇಜುಗಳ ತಿಳಿವಳಿಕೆಯನ್ನು ರೈತರ ಮನೆಬಾಗಿಲಿಗೆ ಒಯ್ಯುವ ಏರ್ಪಾಡು ಮಾಡಿದರು. ನಮ್ಮಲ್ಲಿ 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಗ್ರಾಮಸೇವಕರು ಹಳ್ಳಿಗೆ ಬಂದರು. ಗೊಬ್ಬರ, ಬೀಜ, ಔಷಧಿಗಳ ಮಾತನ್ನು ಅವರು ಚೆನ್ನಾಗಿ ಹೇಳಿದರು. ಮಾರಾಟದ ಮಾತು ಹಿಂದೆ ಬಿತ್ತು. ಇಂದು ಏರ್ಪಾಡುಗಳಿಗೆ ಕೊರತೆಯಿಲ್ಲ. 2014ರಿಂದ ನಮ್ಮ ರಾಜ್ಯದ ಮಾರುಕಟ್ಟೆಗಳು ವಿದ್ಯುನ್ಮಾನ ಹರಾಜಿಗೆ ಒಗ್ಗಿಕೊಳ್ಳುತ್ತಿವೆ. ರೈತ ಉತ್ಪಾದಕ ಸಂಸ್ಥೆಗಳನ್ನು ಹತ್ತು ಸಾವಿರದಷ್ಟು ಕಟ್ಟುವ ಯೋಜನೆಯನ್ನು ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿತು. ದರಗಳು ಜೇಬಿನ ಫೋನಿನಲ್ಲಿಯೇ ಕಾಣುತ್ತವೆ. ಆದರೆ ದರಪಟ್ಟಿ ಬೇರೆ, ಸಲಹೆ ಬೇರೆ. ಪಂಚಾಂಗ ಮನೆಯಲ್ಲಿದ್ದ ಮಾತ್ರಕ್ಕೆ ಮುಹೂರ್ತ ತಿಳಿಯುತ್ತದೆಯೆ?

ಸಲಹೆಗಾರನಲ್ಲಿ ಇನ್ನೊಂದು ಗುಣವಿರಬೇಕು, ಅದೇ ಮುಖ್ಯವಾದದ್ದು. ರೈತ ಮಾರಿದರೂ ಮಾರದಿದ್ದರೂ ಅವನ ಸಂಬಳ ಒಂದೇ ಆಗಿರಬೇಕು. ಮುಂಗಡ ಕೊಟ್ಟವನೂ ಸಲಹೆ ಹೇಳುತ್ತಾನೆ, ಬೀಜ ಮಾರುವವನೂ ಹೇಳುತ್ತಾನೆ, ಲಾರಿಯವನೂ ಹೇಳುತ್ತಾನೆ. ಅವರೆಲ್ಲ ಕೆಟ್ಟವರೆಂದು ನಾನು ಹೇಳುವುದಿಲ್ಲ. ಕಷ್ಟಕಾಲದಲ್ಲಿ ಮಗಳ ಮದುವೆಗೆ ಹಣ ಕೊಟ್ಟ ಮಂಡಿಯವರೂ ಉಂಟು. ಆದರೆ ಅವರ ಸಲಹೆಗೆ ಅವರದೇ ಒಂದು ಗರಜು ಅಂಟಿಕೊಂಡಿರುತ್ತದೆ. ರೈತರ ಸಂಘವೇ ನೇಮಿಸಿದ, ಸಂಘವೇ ಸಂಬಳ ಕೊಡುವ, ತಪ್ಪು ಹೇಳಿದರೆ ಅದೇ ಊರಿನ ಜಗಲಿಯ ಮೇಲೆ ಕುಳಿತು ಉತ್ತರ ಕೊಡಬೇಕಾದ ಸಲಹೆಗಾರ ಬೇಕು. ಹೊಲದಲ್ಲಿ ಬೆಳೆದವನೇ ಆಗಲಿ ಎಂದು ನಾನು ಬಯಸುವುದೂ ಇದಕ್ಕಾಗಿಯೇ. ಅವನಿಗೆ ಹೆಚ್ಚು ತಿಳಿದಿದೆ ಎಂದಲ್ಲ. ಬೆಲೆ ಬಿದ್ದ ದಿನ ಒಂದು ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಅವನು ಕಂಡಿರುತ್ತಾನೆ. ಹಾಗೆ ಕಂಡವನು ಬಾಯಿಗೆ ಬಂದದ್ದನ್ನು ಹೇಳುವುದಿಲ್ಲ.

ಇದರಲ್ಲಿ ಪಟ್ಟಣದಲ್ಲಿರುವ ನಮಗೇನು ಕೆಲಸ ಎನ್ನುವಿರಾ? ಎರಡು ಕೆಲಸಗಳಿವೆ. ಒಂದು, ಋತುಮಾನ ತಿಳಿದು ಕೊಳ್ಳುವುದು. ಅವರೆಕಾಯಿಯ ಕಾಲದಲ್ಲಿ ಅವರೆಕಾಯಿ, ದ್ರಾಕ್ಷಿಯ ಕಾಲದಲ್ಲಿ ದ್ರಾಕ್ಷಿ. ಫಸಲು ಹೆಚ್ಚಾಗಿ ಬೆಲೆ ಬಿದ್ದ ವಾರದಲ್ಲಿ ನೀವು ಎರಡು ಕಿಲೋ ಹೆಚ್ಚು ಕೊಂಡು ಉಪ್ಪಿನಕಾಯಿಯೋ ಗೊಜ್ಜೋ ಮಾಡಿಟ್ಟರೆ ಅದೂ ಒಂದು ಸಹಾಯವೇ. ಸಹಕಾರ ಸಂಘದ ಮಳಿಗೆ ಬಳಿಯಲ್ಲಿದ್ದರೆ ಅಲ್ಲಿಗೆ ಹೋಗಿ.

ಎರಡನೆಯದು ಇದಕ್ಕಿಂತ ದೊಡ್ಡದು. ನಮ್ಮ ಬೀದಿಯಲ್ಲಿಯೇ ಕೋಲಾರ, ಮಂಡ್ಯ, ಹಾಸನ, ತುಮಕೂರುಗಳ ಒಕ್ಕಲು ಮನೆಗಳಿಂದ ಬಂದ ಹುಡುಗರು, ಹುಡುಗಿಯರು ಎಷ್ಟೋ ಮಂದಿ ಇದ್ದಾರೆ. ಬ್ಯಾಂಕಿನಲ್ಲಿ, ಸಾಗಣೆಯ ಕಂಪನಿಯಲ್ಲಿ, ಕಂಪ್ಯೂಟರಿನ ಮುಂದೆ ದುಡಿಯುತ್ತಾರೆ. ಲೆಕ್ಕ ಬಲ್ಲರು, ಕಾಗದಪತ್ರ ಬಲ್ಲರು, ನಾಲ್ಕು ಊರಿನ ಸುದ್ದಿ ಬಲ್ಲರು. ಹಬ್ಬಕ್ಕೆ ಊರಿಗೆ ಹೋದಾಗ ಹೋಳಿಗೆ ಉಂಡು ಮರಳುವುದರ ಜೊತೆಗೆ, ಅಪ್ಪನ ಕಳೆದ ವರ್ಷದ ಮಾರಾಟದ ಚೀಟಿಗಳನ್ನು ಹರವಿಕೊಂಡು ಒಂದು ಗಂಟೆ ಕುಳಿತರೆ ಸಾಕು. ಎಲ್ಲಿ ಸೋರಿತು, ಎಲ್ಲಿ ಉಳಿಯಿತು ಎಂದು ಇಬ್ಬರಿಗೂ ತಿಳಿಯುತ್ತದೆ. ಸಲಹೆಗಾರನಾಗುವ ಮೊದಲ ಪಾಠ ಅದೇ. ಊರಿನ ಸಂಘಕ್ಕೆ ಒಬ್ಬ ಲೆಕ್ಕ ಬಲ್ಲ ಸದಸ್ಯ ಸಿಕ್ಕಂತೆಯೂ ಆಯಿತು.

ನನ್ನ ಅಣ್ಣನಿಗೆ ಈಗ ವಯಸ್ಸಾಗಿದೆ. ಸಾಗುವಳಿ ಅವನ ಮಗನ ಕೈಯಲ್ಲಿದೆ. ಕಳೆದ ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ಆ ಹುಡುಗ, "ಚಿಕ್ಕಪ್ಪ, ಬಾವಿ ಹೊಲಕ್ಕೆ ಏನು ಹಾಕೋಣ?" ಎಂದ. ಅತ್ತಿಗೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ನಾನು ಉತ್ತರ ಹೇಳಲಿಲ್ಲ. "ನಿನ್ನ ಸುತ್ತ ಯಾರು ಯಾರು ಏನು ಹಾಕಿದ್ದಾರೆ, ಬರೆದುಕೊಂಡು ಬಾ. ಆಮೇಲೆ ಇಬ್ಬರೂ ಕುಳಿತು ನೋಡೋಣ" ಎಂದೆ. ಹುಡುಗ ಪುಸ್ತಕ, ಪೆನ್ಸಿಲ್ಲು ತೆಗೆದುಕೊಂಡು ಸೈಕಲ್ಲು ಹತ್ತಿದ. ಅಣ್ಣ ನಕ್ಕ. ಅತ್ತಿಗೆ ಒಳಗೆ ಹೋಗಿ, ಇನ್ನೊಂದು ಲೋಟ ಕಾಫಿ ತಂದು ನನ್ನ ಮುಂದಿಟ್ಟು, "ಈಗ ಬುದ್ಧಿ ಬಂತು" ಎಂದರು.

ನಾಳೆ ಬೆಳಿಗ್ಗೆ ನಿಮ್ಮ ಬಾಗಿಲಿಗೆ ತರಕಾರಿಯ ಗಾಡಿ ಬಂದಾಗ ಈ ಮಾತು ನೆನಪಿಗೆ ಬಂದರೆ ನನ್ನ ಶ್ರಮ ಸಾರ್ಥಕ.